ನೆತ್ತರಿನ ಕಬ್ಬಿಣಕ್ಕೆ ಕೆನ್ನೇರಳೆಯ ಸಾಕ್ಷ್ಯ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಯಾವಗಲ್ ಎರೆನೆಲದ ಊರು. ಈ ಸೀಮೆಯ ನಿತ್ಯದ ಊಟವಾದ ಜೋಳದ ರೊಟ್ಟಿಯಲ್ಲಿ ಕಬ್ಬಿಣದ ಅಂಶವುಂಟು. ಅದನ್ನು ಬೇಯಿಸುವ ಹಂಚೂ ಅನೇಕ ಮನೆಗಳಲ್ಲಿ ಕಬ್ಬಿಣದ್ದೇ. ಆದರೂ ರೊಟ್ಟಿ ಬಡಿಯುವ ಕೈಯ ನೆತ್ತರಿನಲ್ಲಿ ಕಬ್ಬಿಣಕ್ಕೆ ಬರ ಬೀಳುವುದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಬೆಳಗಿನಿಂದಲೇ ದಣಿವು, ನಾಲ್ಕು ಮೆಟ್ಟಿಲೇರಿದರೆ ಏದುಸಿರು. ಮನೆಯವರು ಇದನ್ನು ಸೋಮಾರಿತನವೆಂದು ಬಗೆಯುವುದೂ ಅಪರೂಪವಲ್ಲ. ಆ ಅಪವಾದದಿಂದ ಆಕೆಯನ್ನು ಪಾರುಮಾಡಬಲ್ಲ ಸಾಕ್ಷಿಗಳಲ್ಲಿ, ಗಾಜಿನ ನಳಿಗೆಯಲ್ಲಿ ಮೂಡುವ ಬಣ್ಣವೂ ಒಂದು.

ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿಹಳದಿ ದ್ರವವೇ ರಕ್ತರಸ. ಅದರ 100 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಇರುವ ಕಬ್ಬಿಣ ಸುಮಾರು 60ರಿಂದ 170 ಮೈಕ್ರೋಗ್ರಾಂ ಮಾತ್ರ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು! ಅದೂ ಬಿಡಿಯಾಗಿರದೆ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಹೆಗಲೇರಿ ಸಂಚರಿಸುತ್ತದೆ. ಪ್ರಯೋಗಶಾಲೆಯಲ್ಲಿ ಆಮ್ಲವು ಆ ಹಿಡಿತವನ್ನು ಸಡಿಲಿಸುತ್ತದೆ. ಆಸ್ಕಾರ್ಬಿಕ್ ಆಮ್ಲದಂಥ ಕಾರಕವು ಫೆರಿಕ್ ಕಬ್ಬಿಣವನ್ನು ಫೆರಸ್ ರೂಪಕ್ಕೆ ತರುತ್ತದೆ. ಆ ಬಳಿಕ ಫೆರೋಜೀನ್ ಬೆರೆತೊಡನೆ ದ್ರವವು ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದ ಲಾರೆನ್ಸ್ ಸ್ಟೂಕಿ ಈ ಕಾರಕದ ವಿಚಾರವನ್ನು 1970ರಲ್ಲಿ ಪ್ರಕಟಿಸಿದರು. ತಾಮ್ರವು ನಡುವೆ ತಲೆಹಾಕದಂತೆ ಥಯೋಯೂರಿಯಾ ಕಾವಲಿರುತ್ತದೆ. 562 ನ್ಯಾನೋಮೀಟರ್ ತರಂಗದ ಬೆಳಕನ್ನು ಹಾಯಿಸಿ, ದ್ರವವು ಹೀರಿದಷ್ಟನ್ನು ಅಳೆದರೆ ಕಬ್ಬಿಣದ ಲೆಕ್ಕ ಸಿಕ್ಕಿತು. ಬಣ್ಣ ಗಾಢವಾದಷ್ಟೂ ಕಬ್ಬಿಣ ಹೆಚ್ಚು.

ಆದರೆ ಈ ಸಾಕ್ಷಿ ಬಹು ಸೂಕ್ಷ್ಮ. ನಳಿಗೆಗೆ ಅಂಟಿದ ತುಕ್ಕಿನ ಕಣವೊಂದು ಸಾಕು, ಲೆಕ್ಕ ತಪ್ಪಲು. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಸುಳ್ಳು ಹೆಚ್ಚಳ. ಕಬ್ಬಿಣದ ಗುಳಿಗೆ ನುಂಗಿ ಬಂದರೂ ಅಷ್ಟೇ. ಸಾಮಾನ್ಯವಾಗಿ ಬೆಳಿಗ್ಗೆ ಹೆಚ್ಚಿರುವ ಅಂಕಿ ಸಂಜೆಗೆ ಇಳಿಯುತ್ತದೆ. ಸೋಂಕು ತಗಲಿದಾಗಲಂತೂ, ಉಗ್ರಾಣ ತುಂಬಿದ್ದರೂ ರಕ್ತರಸದ ಕಬ್ಬಿಣ ತಗ್ಗುವುದುಂಟು.

ಆದ್ದರಿಂದ ವೈದ್ಯರು ಒಂದೇ ಅಂಕಿಯನ್ನು ನಂಬಿ ತೀರ್ಪು ಕೊಡುವುದಿಲ್ಲ. ಟ್ರಾನ್ಸ್‌ಫೆರಿನ್ ಒಟ್ಟು ಎಷ್ಟು ಕಬ್ಬಿಣವನ್ನು ಹೊರಬಲ್ಲುದು, ಈಗ ಎಷ್ಟನ್ನು ಹೊತ್ತಿದೆ ಎಂದು ಹೋಲಿಸುತ್ತಾರೆ. 400 ಮೈಕ್ರೋಗ್ರಾಂ ಹೊರಬಲ್ಲ ಕಡೆ 40 ಮಾತ್ರವಿದ್ದರೆ ನೂರಕ್ಕೆ ಹತ್ತು ಪಾಲು. ಗಾಡಿಗಳುಂಟು, ಸರಕಿಲ್ಲ! ಉಗ್ರಾಣದ ಸ್ಥಿತಿಯನ್ನು ಫೆರಿಟಿನ್ ಪರೀಕ್ಷೆ ತಿಳಿಸುತ್ತದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಸಹಭಾಗಿಗಳಾಗಿ, ಕರ್ನಾಟಕ ಮತ್ತು ರಾಜಸ್ಥಾನದ ಗರ್ಭಿಣಿಯರಿಗಾಗಿ 2021ರಲ್ಲಿ ಆರಂಭವಾದ ಅಧ್ಯಯನವು ಗುಳಿಗೆಯನ್ನೂ ರಕ್ತನಾಳಕ್ಕೆ ನೇರವಾಗಿ ಕೊಡುವ ಕಬ್ಬಿಣವನ್ನೂ ಹೋಲಿಸಲು ಹೊರಟಿತು. ಅಲ್ಲಿಯೂ ಕೊರತೆಯನ್ನು ಗುರುತಿಸಲು ಆರಿಸಿಕೊಂಡದ್ದು ಈ ಎರಡು ಅಳತೆಗೋಲುಗಳನ್ನೇ.

ತಟ್ಟೆಯಲ್ಲಿರುವುದೆಲ್ಲ ನೆತ್ತರಿಗೆ ಸೇರದು. ಜೋಳದ ಫೈಟೇಟ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟದೊಡನೆ ಕುಡಿದ ಚಹವೂ ಅದಕ್ಕೆ ಅಡ್ಡಿ. ಪಲ್ಯಕ್ಕೆ ಹಿಂಡಿದ ನಿಂಬೆರಸ ದಾರಿ ತೆರೆಯುತ್ತದೆ. ಆದರೆ ದಣಿವು ತೀರದಿದ್ದರೆ ನಿಂಬೆಯೊಂದನ್ನೇ ನೆಚ್ಚದೆ ವೈದ್ಯರನ್ನು ಕಾಣುವುದೇ ವಿವೇಕ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವವಳ ದಣಿವಿಗೆ ಹೆಸರಿಡುವ ಮುನ್ನ, ಆಕೆಯ ನೆತ್ತರನ್ನೂ ಒಮ್ಮೆ ವಿಚಾರಿಸುವುದು ನ್ಯಾಯವಲ್ಲವೆ?