ನಿಮಗಿದು ಗೊತ್ತೆ? ತಿಮಿಂಗಿಲದ ವಯಸ್ಸು ಕಣ್ಣೊಳಗಿದೆ!

ಆರ್ಕ್ಟಿಕ್ ಸಮುದ್ರದ ಬೋಹೆಡ್ ತಿಮಿಂಗಿಲದ ವಯಸ್ಸು ತಿಳಿಯಬೇಕೆ? ಹಲ್ಲು ನೋಡೋಣವೆಂದರೆ ಅದಕ್ಕೆ ಹಲ್ಲೇ ಇಲ್ಲ. ಸತ್ತ ಮೇಲೆ ಅದರ ಕಣ್ಣಿನ ಮಸೂರವನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು.

ಪ್ರೋಟೀನುಗಳನ್ನು ಕಟ್ಟುವ ಅಮೈನೊ ಆಮ್ಲಗಳಿಗೆ ಎಡಗೈ, ಬಲಗೈಗಳಂತೆ ಎರಡು ರೂಪ. ಗ್ಲೈಸಿನ್‌ಗೆ ಮಾತ್ರ ಈ ಭೇದವಿಲ್ಲ. ಜೀವಕೋಶಗಳು ಪ್ರೋಟೀನ್ ಕಟ್ಟುವುದು ಎಡ ರೂಪದಿಂದಲೇ. ಮಸೂರದ ನಟ್ಟನಡುವಿನ ಪ್ರೋಟೀನು ಹುಟ್ಟುವ ಹೊತ್ತಿಗೇ ಸಿದ್ಧ. ಆಮೇಲೆ ಸಾಯುವವರೆಗೂ ಹೊಸದಾಗುವುದಿಲ್ಲ. ಆದರೆ ಅದರೊಳಗಿನ ಆಸ್ಪಾರ್ಟಿಕ್ ಆಮ್ಲ ಸುಮ್ಮನಿರದು. ವರ್ಷ ಕಳೆದಂತೆ ಚೂರುಚೂರೇ ಬಲ ರೂಪಕ್ಕೆ ಹೊರಳುತ್ತದೆ. ಎರಡೂ ರೂಪಗಳ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು.

1999ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅಲಾಸ್ಕಾದ ಒಂದು ತಿಮಿಂಗಿಲಕ್ಕೆ 211 ವರ್ಷ! ಮೂರ್ನಾಲ್ಕು ದಶಕ ಆಚೀಚೆ ಇರಬಹುದು ಅನ್ನಿ. ಆದರೂ ಈ ತಿಮಿಂಗಿಲಗಳು ನೂರು ದಾಟುತ್ತವೆಂದು ನಂಬಲು ಬೇರೆ ಸಾಕ್ಷಿಯೂ ಇದೆ. 2007ರಲ್ಲಿ ಅಲ್ಲೇ ಹಿಡಿದ ಇನ್ನೊಂದರ ಮೈಯೊಳಗೆ 19ನೇ ಶತಮಾನದ ಕೊನೆಭಾಗದ ಸಿಡಿಯುವ ಈಟಿಯ ಚೂರು ಹೂತಿತ್ತು.

ಗುರುತು ಸಿಗದ ಶವಗಳ ವಯಸ್ಸು ಅಂದಾಜಿಸಲು ವಿಧಿವಿಜ್ಞಾನ ತಜ್ಞರೂ ಇದೇ ಆಮ್ಲವನ್ನು ಅಳೆಯುತ್ತಾರೆ. ಮನುಷ್ಯನಿಗೆ ಹಲ್ಲಿದೆಯಲ್ಲ, ಅಲ್ಲಿಂದಲೇ ತೆಗೆಯುತ್ತಾರೆ.