ಚೀಟಿಯಿಲ್ಲದೆ ದೊರೆತ ಮುಲಾಮು

ಮಕ್ಕಳ ಮೂಗಿನ ಕೆಳಗೆ, ಬಾಯಿಯ ಅಂಚಿನಲ್ಲಿ ಎದ್ದು ಒಡೆದು, ಜೇನಿನ ಬಣ್ಣದ ಹಕ್ಕಳೆ ಕಟ್ಟುವ ಹುಣ್ಣಿಗೆ ನ್ಯೂಜಿಲೆಂಡಿನಲ್ಲಿ ‘ಶಾಲೆಯ ಹುಣ್ಣು’ ಎಂದೇ ಹೆಸರು. ಒಂದು ಮಗುವಿಗೆ ಬಂದರೆ ಪಕ್ಕದಲ್ಲಿ ಕುಳಿತ ಮಗುವಿಗೂ ಬರುವುದು ವಾಡಿಕೆ. 1991ರಲ್ಲಿ ಅಲ್ಲಿನ ತಾಯಂದಿರಿಗೆ ಒಂದು ಅನುಕೂಲ ಒದಗಿತು. ಇಂಥ ಹುಣ್ಣಿಗೆ ಹಚ್ಚುವ ಮ್ಯುಪಿರೊಸಿನ್ ಎಂಬ ಪ್ರತಿಜೀವಕ ಮುಲಾಮು ವೈದ್ಯರ ಚೀಟಿಯಿಲ್ಲದೆಯೇ ಔಷಧದಂಗಡಿಯಲ್ಲಿ ದೊರೆಯತೊಡಗಿತು.

ಮೇಲ್ನೋಟಕ್ಕೆ ಇದರಲ್ಲಿ ಅಪಾಯವೇನೂ ಕಾಣದು. ನುಂಗುವ ಗುಳಿಗೆಯಲ್ಲ, ಚುಚ್ಚುವ ಸೂಜಿಯಲ್ಲ. ಬೆರಳ ತುದಿಯಷ್ಟು ತೆಗೆದು ಸವರುವ ಲೇಪ. ಮಣ್ಣು ನೀರುಗಳಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯ ತಯಾರಿಸುವ ದ್ರವ್ಯವಿದು. ಬ್ರಿಟನ್ನಿನ ವಿಜ್ಞಾನಿಗಳು ಇದರ ವಿವರವನ್ನು ಪ್ರಕಟಿಸಿದ್ದು 1971ರಲ್ಲಿ. ರೋಗಾಣು ಬದುಕಬೇಕಾದರೆ ಪ್ರೋಟೀನುಗಳನ್ನು ಕಟ್ಟುತ್ತಲೇ ಇರಬೇಕು. ಆ ಕಟ್ಟಡದ ಇಟ್ಟಿಗೆಗಳಲ್ಲಿ ಒಂದನ್ನು ಜೋಡಿಸಲಾಗದಂತೆ ಈ ಮದ್ದು ತಡೆಯುತ್ತದೆ, ಕೆಲಸವೆಲ್ಲ ನಿಂತುಹೋಗುತ್ತದೆ. ರಕ್ತಕ್ಕೆ ಸೇರಿದೊಡನೆ ಒಡೆದು ನಿಸ್ಸತ್ವವಾಗುವುದರಿಂದ ಇದು ಹೊರಲೇಪವಾಗಿ ಮಾತ್ರ ಉಪಯುಕ್ತ.

ಆದರೆ ಚರ್ಮವೇ ಈ ರೋಗಾಣುವಿನ ತವರುಮನೆ. ಕುರು, ಕೀವುಗುಳ್ಳೆಗಳಿಗೆ ಬಹುಮಟ್ಟಿಗೆ ಕಾರಣವಾದ ಸ್ಟೆಫಿಲೊಕಾಕಸ್ ಆರಿಯಸ್, ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸದ್ದಿಲ್ಲದೆ ನೆಲಸಿರುತ್ತದೆ. ಮುಲಾಮನ್ನು ಎರಡು ದಿನ ಸವರಿ, ಹುಣ್ಣು ಒಣಗಿತೆಂದು ಬಿಟ್ಟು, ಉಳಿದುದನ್ನು ಬೀರುವಿನಲ್ಲಿರಿಸಿ, ಮುಂದೆ ಸೊಳ್ಳೆ ಕಚ್ಚಿದ ಗುರುತಿಗೂ ಹಚ್ಚುವುದು ಯಾವ ದೇಶದ ಗೃಹಸ್ಥರಿಗೆ ಅಪರಿಚಿತ? ಹೀಗೆ ಹಚ್ಚಿದಾಗಲೆಲ್ಲ ದುರ್ಬಲವಾದ ಅಣುಗಳು ಸಾಯುತ್ತವೆ. ಸಹಿಸಬಲ್ಲವು ಉಳಿದು ವಂಶ ಬೆಳೆಸುತ್ತವೆ. ಮ್ಯುಪಿರೊಸಿನ್ನನ್ನು ಪೂರ್ತಿಯಾಗಿ ಎದುರಿಸುವ ಶಕ್ತಿಯಂತೂ ನೆರೆಮನೆಗೆ ಹೆಪ್ಪು ಕೊಟ್ಟಂತೆ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು.

1999ರ ವೇಳೆಗೆ ನ್ಯೂಜಿಲೆಂಡಿನ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಈ ಜಾತಿಯ ರೋಗಾಣುಗಳಲ್ಲಿ ನೂರಕ್ಕೆ ಸುಮಾರು 28 ಮ್ಯುಪಿರೊಸಿನ್ನಿಗೆ ಮಣಿಯದಾಗಿದ್ದವು. 2000ದಲ್ಲಿ ಮುಲಾಮಿಗೆ ಮತ್ತೆ ಚೀಟಿಯ ಕಟ್ಟು ಬಿದ್ದಿತು.

ಶಾಲೆಯ ಹುಣ್ಣಿಗಾದರೆ ಬೇರೆ ಮದ್ದುಗಳಿವೆ. ಹೃದಯದ ಅಥವಾ ಕೀಲಿನ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿರುವ ರೋಗಿಯ ಪ್ರಶ್ನೆ ಗಂಭೀರವಾದುದು. ಅವನ ಮೂಗಿನಲ್ಲಿರುವ ರೋಗಾಣು ಹೊಸ ಗಾಯವನ್ನು ಹೊಕ್ಕರೆ ಪ್ರಾಣಕ್ಕೇ ಸಂಚಕಾರ. ಅದನ್ನು ಮೊದಲೇ ಹೊರದೂಡಲು ಅನೇಕ ಆಸ್ಪತ್ರೆಗಳು ಮೂಗಿಗೆ ಸವರುವುದು ಇದೇ ಮ್ಯುಪಿರೊಸಿನ್ನನ್ನು. ಈ ಕೆಲಸಕ್ಕೆ ಇದಕ್ಕೆ ಸರಿಸಾಟಿಯಾದ ಮದ್ದುಗಳು ವಿರಳ.

ಕಟ್ಟು ಬಿದ್ದ ಮೇಲೆ ಫಲವೂ ಕಂಡಿತು. 2013ರ ವೇಳೆಗೆ 28 ಇದ್ದುದು ಸುಮಾರು 11ಕ್ಕೆ ಇಳಿಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಕಾನೂನನ್ನು ಹೊಗಳಿ ಸುಮ್ಮನಿರಬಹುದಾಗಿತ್ತು. ಆದರೆ ವೈದ್ಯರ ಲೇಖನಿ ಫ್ಯುಸಿಡಿಕ್ ಆಮ್ಲದ ಮುಲಾಮಿನತ್ತ ಹೊರಳಿತು. 1962ರಿಂದ ಬಳಕೆಯಲ್ಲಿರುವ, ಶಿಲೀಂಧ್ರವೊಂದರಿಂದ ಬಂದ ಮದ್ದು ಅದು. ಅದಕ್ಕೆ ಮಣಿಯದ ರೋಗಾಣುಗಳು 1999ರಲ್ಲಿ ನೂರಕ್ಕೆ ಸುಮಾರು 17; 2013ರಲ್ಲಿ ಸುಮಾರು 29. ಚೀಟಿ ಬರೆಯುವವರು ವಿವೇಚನೆಯಿಂದ ಬರೆಯದಿದ್ದರೆ ಚೀಟಿಯೂ ಬರಿಯ ಕಾಗದವೇ ಸರಿ. ಇನ್ನೂ ಕಳವಳದ ಸಂಗತಿಯೆಂದರೆ, ಅಲ್ಲಿ ಹಬ್ಬಿದ ಕೆಲವು ತಳಿಗಳಲ್ಲಿ ಫ್ಯುಸಿಡಿಕ್ ಆಮ್ಲವನ್ನು ಎದುರಿಸುವ ಗುಣವೂ ಮೆಥಿಸಿಲಿನ್ ವರ್ಗದ ಔಷಧಗಳನ್ನು ಎದುರಿಸುವ ಗುಣವೂ ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ಒಂದು ಮುಲಾಮನ್ನು ಧಾರಾಳವಾಗಿ ಹಚ್ಚಿದಾಗ, ಎರಡನ್ನೂ ಗೆಲ್ಲಬಲ್ಲ ರೋಗಾಣುವಿಗೆ ದಾರಿ ಬಿಟ್ಟುಕೊಟ್ಟಂತಾಗುತ್ತದೆ.

ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಚೀಟಿಯ ಮೇಲೆಯೇ ಮಾರಬೇಕಾದ ಮದ್ದುಗಳಿಗೆ ‘ಎಚ್’ ಅನುಸೂಚಿ ಇದೆ. ಆದರೆ ಅದರ ಅಡಿಟಿಪ್ಪಣಿ ಬಹುಕಾಲ ಹೊರಲೇಪಗಳಿಗೆ ವಿನಾಯಿತಿ ನೀಡಿತ್ತು; ಕಣ್ಣು, ಕಿವಿ, ಮೂಗಿನ ಮದ್ದುಗಳಿಗೆ ಮಾತ್ರ ಆ ವಿನಾಯಿತಿ ಇರಲಿಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮುಗಳಿಂದ ಮುಖದ ಚರ್ಮ ತೆಳುವಾಗಿ ಕೆಂಪೇರಿದವರ ಸಂಖ್ಯೆ ಹೆಚ್ಚಿ, ಚರ್ಮವೈದ್ಯರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ, 2018ರಲ್ಲಿ ಹಲವು ಸ್ಟೀರಾಯ್ಡ್ ಲೇಪಗಳಿಗೆ ಚೀಟಿ ಕಡ್ಡಾಯವಾಯಿತು. ಸ್ಟೀರಾಯ್ಡ್, ಪ್ರತಿಜೀವಕ, ಬೂಷ್ಟುನಾಶಕ ಮೂರನ್ನೂ ಒಂದೇ ಕೊಳವೆಯಲ್ಲಿ ತುಂಬಿದ ಮುಲಾಮುಗಳು ನಮ್ಮಲ್ಲಿ ಮನೆಮಾತಾಗಿವೆ. ಯಾವುದು ತಗುಲಿದರೂ ಸರಿಯೆಂದು ಕತ್ತಲಲ್ಲಿ ಕಲ್ಲೆಸೆಯುವ ಈ ಚಿಕಿತ್ಸೆಯಲ್ಲಿ ಹುಳುಕಡ್ಡಿ ಮೊದಲು ಮರೆಯಾದಂತೆ ತೋರಿ, ಆಮೇಲೆ ಅಗಲವಾಗಿ ಹರಡುವುದುಂಟು.

ನ್ಯೂಜಿಲೆಂಡಿನ ವೈದ್ಯರಿಗೆ ಈಚಿನ ವರ್ಷಗಳಲ್ಲಿ ದೊರೆತಿರುವ ಸಲಹೆ ಸರಳವಾದುದು. ಸಣ್ಣ ಹುಣ್ಣನ್ನು ಮೊದಲು ತೊಳೆದು ಶುಚಿಗೊಳಿಸಿ ಮುಚ್ಚಿಡಬೇಕು. ಮಗುವಿನ ಟವೆಲನ್ನು ಬೇರೆಯವರು ಬಳಸಬಾರದು. ಪ್ರತಿಜೀವಕ ಮುಲಾಮು ಒಂದೆರಡು ಕಡೆ ಮಾತ್ರ ಇರುವ ಹುಣ್ಣಿಗೆ, ಅದೂ ಕೆಲವೇ ದಿನಗಳ ಮಟ್ಟಿಗೆ. ಹುಣ್ಣು ಮೈಮೇಲೆ ಹರಡಿದ್ದರೆ, ಜ್ವರ ಬಂದಿದ್ದರೆ, ಮುಲಾಮನ್ನು ಪಕ್ಕಕ್ಕಿಟ್ಟು ಬಾಯಿಂದ ಕೊಡುವ ಮದ್ದನ್ನೇ ವೈದ್ಯರು ಬರೆಯುತ್ತಾರೆ.