ಗ್ರುನ್‌ಫೆಲ್ಡ್‌ಗಿಂತ 67 ವರ್ಷ ಮೊದಲೇ ಆಡಿದ ನಮ್ಮವರು

ಅತ್ತಿವೇರಿಯಿಂದ ಮಾತಾಡ್ತಾ ಇದ್ದೀನಿ. ಮೊಬೈಲ್‌ನಲ್ಲಿ ಚೆಸ್ ಆಡುವಾಗ ಸಿಸಿಲಿಯನ್, ಇಟಾಲಿಯನ್, ಗ್ರುನ್‌ಫೆಲ್ಡ್ ಅಂತ ಹೆಸರು ಕಾಣಿಸುತ್ತಲ್ಲ, ಅವು ಓಪನಿಂಗ್‌ಗಳು. ಅಂದರೆ ಆಟದ ಮೊದಲ ಕೆಲವು ನಡೆಗಳು. ಇವತ್ತು ಗ್ರುನ್‌ಫೆಲ್ಡ್ ಬಗ್ಗೆ ಹೇಳ್ತೀನಿ.

1922ರ ವಿಯೆನ್ನಾ ಟೂರ್ನಿಯಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಈ ಓಪನಿಂಗ್ ಆಡಿ ಅಲೆಖಿನ್ ಅವರನ್ನು ಸೋಲಿಸಿದರು. ಆ ಅಲೆಖಿನ್ ಮುಂದೆ ವಿಶ್ವ ಚಾಂಪಿಯನ್ ಆದವರು. ಓಪನಿಂಗ್‌ಗೆ ಗ್ರುನ್‌ಫೆಲ್ಡ್ ಹೆಸರೇ ನಿಂತಿತು. ಆದರೆ 1855ರ ಮೇ ತಿಂಗಳಲ್ಲೇ ಕಲ್ಕತ್ತಾದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಇದೇ ನಡೆಗಳನ್ನು ಆಡಿದ್ದರು. ಎದುರಿಗಿದ್ದವರು ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್.

ಇದರ ಉಪಾಯ ಸರಳ. ಬಿಳಿಯವರು ಎರಡು ಸಿಪಾಯಿಗಳನ್ನು ಮುಂದೆ ತಂದು ಮಧ್ಯದ ಮನೆಗಳನ್ನು ಹಿಡಿಯುತ್ತಾರೆ. ಕಪ್ಪಿನವರು ಮೊದಲು ಕುದುರೆ ತೆಗೆದು, ಜಿ ಸಾಲಿನ ಸಿಪಾಯಿಯನ್ನು ಒಂದೇ ಮನೆ ಸರಿಸಿ, ಮೂರನೇ ನಡೆಗೆ ಡಿ5ರಲ್ಲಿ ಹೊಡೆತ ಶುರು ಮಾಡುತ್ತಾರೆ. ಆಮೇಲೆ ಮೂಲೆಯ ಒಂಟೆ ದೂರದಿಂದಲೇ ಆ ಮಧ್ಯದ ಮೇಲೆ ಕಣ್ಣಿಡುತ್ತೆ.

ಮಹೇಶಚಂದ್ರ ಕಲಿತಿದ್ದು ದೇಸಿ ಚದುರಂಗ. ಅದರಲ್ಲಿ ಸಿಪಾಯಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಹಾಗಾಗಿ ಒಂದು ಮನೆ ಸರಿಸಿ ಒಂಟೆಯನ್ನು ಮೂಲೆಯಲ್ಲಿ ಕೂರಿಸೋದು ಅಂಥ ಆಟಗಾರರಿಗೆ ಸಹಜ. ಇವತ್ತು ಇಂಥ ಹಲವು ಓಪನಿಂಗ್‌ಗಳಿಗೆ ‘ಇಂಡಿಯನ್’ ಅನ್ನೋ ಹೆಸರಿದೆ.

ಆ ಆಟದಲ್ಲಿ ಮಹೇಶಚಂದ್ರ ಸೋತರು. 18ನೇ ನಡೆಯಲ್ಲಿ ಕಾಕ್ರೇನ್ ಅವರ ಕುದುರೆ ಎಫ್7ಕ್ಕೆ ನುಗ್ಗಿತು. ಅಲ್ಲಿಂದ ಕಪ್ಪು ಕುದುರೆ ಎ5ಕ್ಕೆ ಹೋಯ್ತು, ಮೂರೇ ನಡೆಯಲ್ಲಿ ಮಾತ್ ಸಿದ್ಧ: ಮಂತ್ರಿಯನ್ನೇ ಬಲಿ ಕೊಟ್ಟು, ತನ್ನವರ ನಡುವೆಯೇ ಸಿಕ್ಕಿಬಿದ್ದ ರಾಜನಿಗೆ ಕುದುರೆಯಿಂದ ಮಾತ್. ತಪ್ಪು ಓಪನಿಂಗ್‌ನದ್ದಲ್ಲ, ಆಮೇಲಿನ ಆಟದ್ದು.

ಸೋತ ಈ ಆಟ ನಮಗೆ ಗೊತ್ತಿರೋದು ನಡೆಗಳು ಬರಹದಲ್ಲಿ ಉಳಿದಿದ್ದರಿಂದ. ಅದೇ ಕಾಲದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ ಕುದುರೆ 64 ಮನೆ ಸುತ್ತುವ ಲೆಕ್ಕಗಳನ್ನು ರಚಿಸಿದರು. ಅವೂ ದಾಖಲಾಗಿದ್ದಕ್ಕೇ ಉಳಿದಿವೆ. ಬರೆಯದೇ ಹೋದ ಹಳ್ಳಿಕಟ್ಟೆಯ ಆಟಗಳು ಎಷ್ಟೋ!

ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ಕಡೆ ಟೂರ್ನಿ ಆಡುವ ಗೆಳೆಯರೇ, ಬರೆಯಿರಿ ಅಂತ ಯಾರೂ ಹೇಳದಿದ್ದರೂ ನಿಮ್ಮ ನಡೆಗಳನ್ನು ಬರೆದಿಡಿ. ಸೋತ ಆಟವನ್ನಂತೂ ಬಿಡಲೇಬೇಡಿ.